ಸೆಟಲ್ಡ್ ಅಂದರೆ ಚುಕ್ತಾ ಅಲ್ಲ

ಗದಗ ಕಡೆಯವನೊಬ್ಬ, ಪಿಂಪ್ರಿ-ಚಿಂಚ್‌ವಡದಲ್ಲಿ ಹನ್ನೆರಡು ವರ್ಷದಿಂದ ಇರುವವನು, 2024ರ ಮಾರ್ಚಿನಲ್ಲಿ ಮನೆಸಾಲಕ್ಕೆ ಅರ್ಜಿ ಹಾಕಿದ. ಅವನ ಸಂಬಳದ ಚೀಟಿ, ಹೆಂಡತಿಯ ಸಂಬಳದ ಚೀಟಿ, ತೆರಿಗೆ ಕಾಗದ ಎಲ್ಲ ಸರಿಯಾಗಿದ್ದವು. ನಾಲ್ಕನೆಯ ದಿನ ಬ್ಯಾಂಕಿನವರು ಆಗುವುದಿಲ್ಲ ಅಂದರು. ಯಾಕೆ ಅಂತ ಕೇಳಿದಾಗ ಅಲ್ಲಿದ್ದ ಹುಡುಗ ಕಂಪ್ಯೂಟರನ್ನು ಅರ್ಧ ಇವನ ಕಡೆ ತಿರುಗಿಸಿ ಒಂದು ಶಬ್ದದ ಕೆಳಗೆ ಪೆನ್ನಿನ ತುದಿ ಇಟ್ಟ. ಆ ಶಬ್ದ ‘ಸೆಟಲ್ಡ್’.

“ಅದು ಮುಗಿದುಹೋದ ಸಾಲ. ಅಲ್ಲಿ ಹಾಗೇ ಬರೆದಿದೆಯಲ್ಲ!” ಅಂದ ಇವನು.

ಅವನ ತಿಳಿವಳಿಕೆಯಲ್ಲಿ ವಿಚಿತ್ರವಾದದ್ದು ಏನೂ ಇರಲಿಲ್ಲ. ಕನ್ನಡದ ಮಾತಿನೊಳಗೆ ‘ಸೆಟಲ್’ ಬಂದು ಸೇರಿ ಬಹಳ ಕಾಲವಾಗಿದೆ, ಬಂದಾಗಿನಿಂದ ಅದು ಶುಭದ ಶಬ್ದ. ಮಗ ಸೆಟಲ್ ಆದ, ಅವರು ಪುಣೆಯಲ್ಲೇ ಸೆಟಲ್ ಆಗಿದ್ದಾರೆ, ಹೋಟೆಲಿನ ಬಿಲ್ ಸೆಟಲ್ ಮಾಡಿ ಬಾ. ಆದರೆ ಸಾಲದ ವರದಿಯಲ್ಲಿ ಬರುವ ಸೆಟಲ್ಡ್ ಬೇರೆಯೇ. ಸಾಲ ಪೂರ್ತಿ ಮುಗಿದಿದ್ದರೆ ಅಲ್ಲಿ ‘ಕ್ಲೋಸ್ಡ್’ ಅಂತ ಇರುತ್ತದೆ. ಸೆಟಲ್ಡ್ ಅಂದರೆ ಕೊಡಬೇಕಾದಷ್ಟು ಕೊಡದೆ, ಕೊಟ್ಟಷ್ಟಕ್ಕೆ ಬ್ಯಾಂಕು ಒಪ್ಪಿಕೊಂಡಿದೆ ಎಂದು. ಕನ್ನಡದಲ್ಲಿ ಇದಕ್ಕೆ ಹಳೆಯ, ಖಚಿತವಾದ ಮಾತಿದೆ: ರಾಜಿ. ರಿಸರ್ವ್ ಬ್ಯಾಂಕು 2023ರ ಜೂನಿನಲ್ಲಿ ಇಂಥ ಒಪ್ಪಂದಗಳಿಗೆ ನಿಯಮ ಮಾಡಿದಾಗ ಕೊಟ್ಟ ಇಂಗ್ಲಿಷ್ ಹೆಸರಿಗೂ ಸರಿಯಾದ ಅರ್ಥ ರಾಜಿ ತೀರುವಳಿ ಎಂದೇ. ಆ ವರದಿಯಲ್ಲಿ ‘ರಾಜಿ’ ಎಂದು ಬರೆದಿದ್ದರೆ ಇವನಿಗೆ ಓದಿದ ಕ್ಷಣವೇ ತಿಳಿಯುತ್ತಿತ್ತು. ಚುಕ್ತಾ ಆದದ್ದಕ್ಕೂ ರಾಜಿ ಆದದ್ದಕ್ಕೂ ಇರುವ ಅಂತರ ಗದಗಿನ ಸಂತೆಗೆ ಹೋಗಿಬರುವ ಯಾರಿಗೂ ಹೇಳಿಕೊಡಬೇಕಿಲ್ಲ.

ಆ ಶಬ್ದದ ಪಕ್ಕದಲ್ಲೇ ಬ್ಯಾಂಕು ಬಿಟ್ಟುಕೊಟ್ಟ ಮೊತ್ತವೂ ಇತ್ತು: 1,16,000 ರೂಪಾಯಿ. ಇವನು ಅದನ್ನು ಮನ್ನಾ ಎಂದು ತಿಳಿದಿದ್ದ. ಕರ್ನಾಟಕದಲ್ಲಿ ಬೆಳೆದವರಿಗೆ ಸಾಲಮನ್ನಾ ಎಂಬ ಮಾತು ಚುನಾವಣೆ ಚುನಾವಣೆಗೂ ಕಿವಿಗೆ ಬಿದ್ದಿರುತ್ತದೆ. ಅಲ್ಲಿ ರೈತನ ಪರವಾಗಿ ಸರಕಾರ ಬ್ಯಾಂಕಿಗೆ ಹಣ ತುಂಬುತ್ತದೆ. ಇಲ್ಲಿ ಯಾರೂ ಯಾರ ಪರವಾಗಿಯೂ ತುಂಬಿಲ್ಲ. ರಾಜಿಯ ಕಾಗದ ಕೈಯಲ್ಲಿದ್ದರೆ ಆ ಬಾಕಿಯನ್ನು ಬ್ಯಾಂಕು ಮತ್ತೆ ಕೇಳುವಂತಿಲ್ಲ, ನಿಜ. ಬಿಟ್ಟುಕೊಟ್ಟದ್ದನ್ನು ಅದು ಮರೆಯುವುದೂ ಇಲ್ಲ.

ಸಾಲ ಆದ ಬಗೆಯಲ್ಲಿ ವಿಶೇಷವಿಲ್ಲ. ವಾಹನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕೆಲಸ. ಎರಡು ಕ್ರೆಡಿಟ್ ಕಾರ್ಡು, ತಂಗಿಯ ಮದುವೆಗೆ ತೆಗೆದ ಒಂದು ಪರ್ಸನಲ್ ಲೋನು. 2020ರ ಲಾಕ್‌ಡೌನಿನಲ್ಲಿ ಸಂಬಳ ಅರ್ಧಕ್ಕಿಳಿಯಿತು. ಆಗಸ್ಟ್ 31ರವರೆಗೆ ಕಂತು ಮುಂದೂಡಲು ರಿಸರ್ವ್ ಬ್ಯಾಂಕು ಅವಕಾಶ ಕೊಟ್ಟಿತ್ತು, ಇವನೂ ಮುಂದೂಡಿದ. ಕಂತು ನಿಂತಿತೇ ಹೊರತು ಬಡ್ಡಿ ನಿಲ್ಲಲಿಲ್ಲ.

ಕಾರ್ಡಿನ ಬಡ್ಡಿಯ ಲೆಕ್ಕವನ್ನು ಮಾತ್ರ ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಅದು ಗೊತ್ತಿದೆ ಅಂದುಕೊಂಡವರಲ್ಲೂ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಒಂದು ಲಕ್ಷ ಬಾಕಿ ಇದೆ, ತಿಂಗಳಿಗೆ ಶೇಕಡಾ 3.5 ಬಡ್ಡಿ ಎಂದಿಟ್ಟುಕೊಳ್ಳಿ. ತಿಂಗಳ ಬಡ್ಡಿ 3,500. ಅದರ ಮೇಲೆ ಶೇಕಡಾ 18 ಜಿಎಸ್‌ಟಿ, 630. ‘ಕನಿಷ್ಠ ಇಷ್ಟು ಕಟ್ಟಿ’ ಎಂದು ಬಿಲ್ಲಿನಲ್ಲಿ ಬರುವುದು ಸುಮಾರು ಶೇಕಡಾ 5, ಅಂದರೆ 5,000. ಅಷ್ಟು ಕಟ್ಟಿದರೆ ಅಸಲಿಗೆ ಹೋಗುವುದು 870 ರೂಪಾಯಿ. ಸಾಲದ್ದಕ್ಕೆ, ಹಳೆಯ ಬಾಕಿ ಇರುವಷ್ಟು ದಿನ ಹೊಸದಾಗಿ ಕೊಂಡ ಹಾಲು ತರಕಾರಿಗೂ ಕೊಂಡ ದಿನದಿಂದಲೇ ಬಡ್ಡಿ. ಆ ಕನಿಷ್ಠವನ್ನು ತಪ್ಪದೆ ಕಟ್ಟುವವನಿಗೆ ತಾನು ಶಿಸ್ತಿನ ಮನುಷ್ಯ ಎಂಬ ಭಾವನೆ ಬರುತ್ತದೆ. ಕಾರ್ಡು ಕಂಪನಿಗೆ ಅವನಿಗಿಂತ ಒಳ್ಳೆಯ ಗಿರಾಕಿ ಇಲ್ಲ.

ಅದನ್ನು ಕಟ್ಟುವುದಕ್ಕೂ ಆಗದಿದ್ದಾಗ ಫೋನಿನಲ್ಲಿ ಸಿಗುವ ಆ್ಯಪ್ ಸಾಲ ತೆಗೆದ, 30,000. ಆಗಿನ ಆ್ಯಪುಗಳು ಫೋನಿನಲ್ಲಿದ್ದ ಹೆಸರು ನಂಬರುಗಳನ್ನೆಲ್ಲ ಎಳೆದುಕೊಳ್ಳುತ್ತಿದ್ದವು. ಅದು ಕೂಡದು ಎಂಬ ನಿಯಮ ಬಂದದ್ದು 2022ರ ಸೆಪ್ಟೆಂಬರಿನಲ್ಲಿ. ಇವನ ಕಂತು ತಪ್ಪಿದ್ದು 2021ರ ಫೆಬ್ರುವರಿಯಲ್ಲಿ.

ಅಕ್ಕನಿಗೆ ವಿಷಯ ಗೊತ್ತಾದದ್ದು ಹಾಗೆ. ಅವಳು ಊರಿನ ಹತ್ತಿರದ ಪತ್ತಿನ ಸಹಕಾರಿ ಸಂಘವೊಂದರಲ್ಲಿ ಕ್ಯಾಶಿಯರ್. ಕೌಂಟರಿನಲ್ಲಿ ಕೂತಿದ್ದಾಗ ಹಿಂದಿಯಲ್ಲಿ ಒಂದು ಫೋನ್ ಬಂತು: ನಿನ್ನ ತಮ್ಮ ಕಳ್ಳ, ಸಾಲ ತಗೊಂಡು ಓಡಿಹೋಗಿದ್ದಾನೆ. ಎದುರಿಗೆ ಪಾಸ್‌ಬುಕ್ ಹಿಡಿದು ನಿಂತಿದ್ದ ನಾಲ್ಕು ಜನಕ್ಕೂ ಆ ದನಿ ಕೇಳಿತು. ಅವಳು ಫೋನ್ ಇಟ್ಟು ಆ ನಾಲ್ಕು ಜನರ ಕೆಲಸ ಮುಗಿಸಿ, ಹಿಂದಿನ ಕೋಣೆಗೆ ಹೋಗಿ ತಮ್ಮನಿಗೆ ಫೋನ್ ಮಾಡಿದಳು.

“ಒಟ್ಟ ಎಷ್ಟ ಐತಿ? ಖರೇ ಹೇಳು.”

“ಒಂದ ಲಕ್ಷದ ಮ್ಯಾಲ ಐತಿ ಅಕ್ಕಾ.”

ಇದ್ದದ್ದು 4,20,000. ಸಾಲಗಾರ ತನ್ನ ಸಾಲವನ್ನು ಹೇಳುವಾಗ ನಾಲ್ಕರಲ್ಲಿ ಒಂದು ಪಾಲು ಹೇಳುತ್ತಾನೆ ಎಂದು ಅಕ್ಕನ ಲೆಕ್ಕ. ಇಪ್ಪತ್ತು ವರ್ಷ ಕೌಂಟರಿನಲ್ಲಿ ಕೂತು ಕಲಿತದ್ದು, ಇಲ್ಲಿಯೂ ಹೆಚ್ಚು ತಪ್ಪಲಿಲ್ಲ.

ಆ್ಯಪ್ ಸಾಲವನ್ನು ಅವಳೇ ಆ ವಾರ ಮುಗಿಸಿದಳು. ದೊಡ್ಡ ಕಾರ್ಡಿನ ಬಾಕಿ 1,86,000ಕ್ಕೆ ಏರಿತ್ತು. ವರ್ಷದ ಕೊನೆಗೆ ವಸೂಲಿಯವನೊಬ್ಬ ಇವನಿಗೆ ಹೇಳಿದ: ಒಂದೇ ಸಲ 70,000 ಕಟ್ಟಿಬಿಡು, ಎಲ್ಲ ಮುಗಿಯುತ್ತದೆ, ಕಾಗದ ಕೊಡಿಸುತ್ತೇನೆ. ಅಕ್ಕನನ್ನು ಮತ್ತೆ ಕೇಳಲು ನಾಚಿಕೆ. ಕಾಕಾನಿಗೆ ಫೋನ್ ಮಾಡಿದ. ಉಳ್ಳಾಗಡ್ಡಿ ಮಾರಿದ ರೊಕ್ಕ ಕಾಕಾನ ಕೈಯಲ್ಲಿತ್ತು, ಯಾಕೆ ಏನು ಎಂದು ಕೇಳದೆ ಕಳಿಸಿದರು. ಕಾಗದವೂ ಬಂತು. ಆಮೇಲೆ ಎರಡನೆಯ ಕಾರ್ಡು, ಪರ್ಸನಲ್ ಲೋನು ಎರಡನ್ನೂ ಓವರ್‌ಟೈಮ್ ಮಾಡಿ, ಗಾಡಿ ಮಾರಿ, 2023ರ ಒಳಗೆ ತೀರಿಸಿದ. ಕಷ್ಟದ ಕೆಲಸವೇ. ಬ್ಯಾಂಕಿನ ಯಾವ ಸಾಲವೂ ಉಳಿಯಲಿಲ್ಲ ಎಂಬ ಧೈರ್ಯದಲ್ಲೇ ಮನೆ ನೋಡಲು ಹೊರಟದ್ದು.

ಈಗ ಆ ವರದಿಯ ಬಗ್ಗೆ. ಸಿಬಿಲ್ ಎಂದು ಎಲ್ಲರೂ ಕರೆಯುವ ಸಂಸ್ಥೆ ಹುಟ್ಟಿದ್ದು 2000ದಲ್ಲಿ, ಇಂಥ ಸಂಸ್ಥೆಗಳಿಗೆ ಕಾನೂನು ಆದದ್ದು 2005ರಲ್ಲಿ. ಈಗ ನಾಲ್ಕು ಇವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಕ್ರಿಫ್ ಹೈ ಮಾರ್ಕ್. ನಾಲ್ಕೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಲೇಬೇಕು. 300ರಿಂದ 900ರವರೆಗಿನ ಅಂಕವನ್ನು ಎಲ್ಲರೂ ನೋಡುತ್ತಾರೆ, ಅಂಕದ ಕೆಳಗಿನ ಪುಟಗಳನ್ನು ಯಾರೂ ಓದುವುದಿಲ್ಲ. ಇವನ ಅಂಕ 640ರ ಆಸುಪಾಸು. ಪುಟಗಳನ್ನು ಓದಿದ್ದು ಅಕ್ಕ. ಅವನು ಕಳಿಸಿದ ಪಿಡಿಎಫ್ ಅನ್ನು ಸಂಘದಲ್ಲಿ ಪ್ರಿಂಟ್ ತೆಗೆದು, ಕೈಯಲ್ಲಿ ಪೆನ್ಸಿಲ್ ಹಿಡಿದು ರಾತ್ರಿ ಫೋನ್ ಮಾಡಿದಳು.

“ಇದು ಚುಕ್ತಾ ಅಲ್ಲೋ ತಮ್ಮಾ, ರಾಜಿ. ನಮ್ಮ ಸಂಘದಾಗೂ ರಾಜಿ ಆದವರಿಗೆ ಮತ್ತ ಸಾಲಾ ಕೊಡೂ ಮುಂದ ಹತ್ತ ಸಲ ವಿಚಾರ ಮಾಡ್ತೇವಿ.”

ಪತ್ತು ಎಂಬ ಶಬ್ದ ಈಗ ಸಂಘಗಳ ಬೋರ್ಡಿನ ಮೇಲೆ ಮಾತ್ರ ಉಳಿದಂತಿದೆ. ಪುಣೆಯಲ್ಲಿರುವವರು ಗಲ್ಲಿಗೊಂದು ‘ಪತಸಂಸ್ಥಾ’ ನೋಡಿರುತ್ತಾರೆ. ಆ ಪತ, ಈ ಪತ್ತು ಎರಡರ ಅರ್ಥವೂ ಒಂದೇ: ಈ ಮನುಷ್ಯನಿಗೆ ಕೊಟ್ಟರೆ ತಿರುಗಿ ಬರುತ್ತದೆ ಎಂಬ ನಂಬಿಕೆ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘ ದೇಶದ ಮೊಟ್ಟಮೊದಲ ಕೃಷಿ ಪತ್ತಿನ ಸಂಘಗಳಲ್ಲಿ ಒಂದು. ಅದಕ್ಕೆ ಹಿಂದಿನ ವರ್ಷವಷ್ಟೇ ಬಂದ ಕಾನೂನಿನಲ್ಲಿ ಹಳ್ಳಿಯ ಸಂಘದ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಒಬ್ಬ ಕೊಡದಿದ್ದರೆ ಉಳಿದವರ ಹೊಲಮನೆಗೆ ಬರುತ್ತಿತ್ತು. ಹಾಗಾಗಿ ಯಾರಿಗೆ ಕೊಡಬಹುದು, ಯಾರಿಗೆ ಕೂಡದು ಎನ್ನುವುದು ಓಣಿಗೆ ಗೊತ್ತಿರಲೇಬೇಕಿತ್ತು. ಅದನ್ನು ಸುಖದ ಕಾಲ ಎನ್ನಲಾಗದು. ಓಣಿಗೆ ಜಾತಿಯೂ ಗೊತ್ತಿರುತ್ತದೆ, ಹಳೆಯ ಜಗಳವೂ ಗೊತ್ತಿರುತ್ತದೆ. ಆ ಮಟ್ಟಿಗೆ ಸಿಬಿಲ್ ವಾಸಿ, ಅದಕ್ಕೆ ಕಂತು ಬಂದ ದಿನವೊಂದೇ ಗೊತ್ತು. ಆದರೆ ಅದಕ್ಕೆ ಕಾಕಾ ಯಾರೆಂದು ಗೊತ್ತಿಲ್ಲ.

ಇವನು ಮಾಡಿದ್ದು ಏನೆಂದರೆ, ದಾಖಲೆ ಇರುವ ಕಡೆಯಿಂದ 70,000ವನ್ನು ಎತ್ತಿ ದಾಖಲೆ ಇಲ್ಲದ ಕಡೆ ಇಟ್ಟದ್ದು. ಅಕ್ಕ ಆ ರಾತ್ರಿ ವರದಿಯಲ್ಲಿರುವ ಸಾಲಗಳ ಕೆಳಗೆ ಇಲ್ಲದವನ್ನೂ ಬರೆಸಿದಳು. ಕಾಕಾನ ಹೆಸರು ಬರೆಯುವ ಹೊತ್ತಿಗೆ ಎರಡೂ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

ಇವನ ಯೋಚನೆ ಬೇರೆ ಇತ್ತು. ಬಿಟ್ಟ 1,16,000ವನ್ನು ಬ್ಯಾಂಕಿಗೆ ಈಗ ಕಟ್ಟಿದರೆ, ಬ್ಯಾಂಕು ಒಪ್ಪಿದರೆ, ಸೆಟಲ್ಡ್ ಹೋಗಿ ಕ್ಲೋಸ್ಡ್ ಬರುತ್ತದೆ, ಮನೆಸಾಲದ ದಾರಿ ತೆರೆಯುತ್ತದೆ. ಹೆಂಡತಿಗೂ ಅದೇ ಸರಿ ಅನ್ನಿಸಿತು. ನೋಡಿಟ್ಟ ಮನೆಯ ಬಿಲ್ಡರ್ ಎರಡು ತಿಂಗಳು ಕಾಯುತ್ತೇನೆ ಅಂದಿದ್ದ. ಕಾಕಾ ಎಲ್ಲಿಗೂ ಹೋಗುವುದಿಲ್ಲವಲ್ಲ.

“ಬ್ಯಾಂಕಿನವರು ಫೋನ್ ಮಾಡ್ತಾರಂತ ಅವರಿಗೆ ಮೊದ್ಲ ಕೊಟ್ಟಿ. ಕಾಕಾ ಫೋನ್ ಮಾಡಂಗಿಲ್ಲ, ಅದಕ್ಕ ಅವರು ಕಡೀಕ್ಕ?” ಅಂದಳು ಅಕ್ಕ.

ಲೆಕ್ಕವಾಗಿ ನೋಡಿದರೆ ಅವಳ ಮಾತು ತಪ್ಪು. ದುಬಾರಿ ಬಡ್ಡಿಯದನ್ನು ಮೊದಲು ತೀರಿಸಬೇಕು, ಬಡ್ಡಿ ಇಲ್ಲದ್ದು ಕೊನೆಗೆ ಎನ್ನುವುದೇ ಸಾಲ ತೀರಿಸುವ ಎಲ್ಲರ ಉಪದೇಶ, ಅವಳೂ ಕೌಂಟರಿನಲ್ಲಿ ಅದನ್ನೇ ಹೇಳುತ್ತಾಳೆ. ಆದರೆ ಇಲ್ಲಿ ಬಡ್ಡಿ ಓಡುವ ಸಾಲ ಒಂದೂ ಉಳಿದಿರಲಿಲ್ಲ. ಉಳಿದಿದ್ದವು ಎರಡು: ಕೇಳುವ ಹಕ್ಕು ಬಿಟ್ಟ ಬ್ಯಾಂಕು, ಕೇಳುವ ಬಾಯಿ ಇಲ್ಲದ ಕಾಕಾ. ಏಪ್ರಿಲಿನಿಂದ ತಿಂಗಳಿಗೆ 10,000ದಂತೆ ಏಳು ತಿಂಗಳು ಕಾಕಾನಿಗೆ ಹೋಯಿತು. ಆ ಮನೆ ಮೇ ತಿಂಗಳಲ್ಲೇ ಬೇರೆಯವರಿಗೆ ಮಾರಾಟವಾಯಿತು. ಹೆಂಡತಿ ಬಹಳ ದಿನ ಅಕ್ಕನ ಜೊತೆ ಫೋನಿನಲ್ಲಿ ಮಾತಾಡಲಿಲ್ಲ. ಅವಳ ಸಿಟ್ಟಿನಲ್ಲೂ ನ್ಯಾಯವಿತ್ತು. ಅಕ್ಟೋಬರಿನಲ್ಲಿ ಕೊನೆಯ ಕಂತು ಸೇರಿದ ಮೇಲೆ ಕಾಕಾನ ಮಗ ವಾಟ್ಸಾಪಿನಲ್ಲಿ ಒಂದು ಚಿತ್ರ ಕಳಿಸಿದ. ಬೀಜ ಗೊಬ್ಬರದ ಲೆಕ್ಕ ಬರೆಯುವ ಹಳೆಯ ನೋಟ್‌ಬುಕ್. ಅದರಲ್ಲಿ ಇವನ ಹೆಸರು, 70 ಸಾವಿರ, ಮೂರು ವರ್ಷದ ಹಿಂದಿನ ತಾರೀಖು. ಅಡ್ಡಗೆರೆ ಎಳೆದು ಪಕ್ಕದಲ್ಲಿ ‘ಮುಟ್ಟಿತು’ ಎಂದು ಬರೆದಿತ್ತು. ದಾಖಲೆ ಇಲ್ಲ ಎಂದು ತಿಳಿದಿದ್ದ ಕಡೆಯೂ ಒಂದು ಇತ್ತು.

ಬ್ಯಾಂಕಿನ ಕೆಲಸ ಅಷ್ಟು ಸಲೀಸಾಗಲಿಲ್ಲ. ಮೊದಲು ಚಿಂಚ್‌ವಡದಲ್ಲಿ ‘ಸಿಬಿಲ್ ಸರಿ ಮಾಡಿಕೊಡುತ್ತೇವೆ’ ಎಂದು ಬೋರ್ಡು ಹಾಕಿದವನೊಬ್ಬ 8,000 ಕೇಳಿದ. ನಿಜವಾಗಿ ಆದದ್ದನ್ನು ವರದಿಯಿಂದ ಅಳಿಸುವುದು ಯಾರ ಕೈಯಲ್ಲೂ ಇಲ್ಲ. ತಪ್ಪು ಇದ್ದರೆ ತಿದ್ದಿಸಬಹುದು, ಅದಕ್ಕೆ ದುಡ್ಡು ಬೇಕಿಲ್ಲ. 8,000 ಉಳಿಯಿತು. ಹೆಂಡತಿಯ ಭಿಶಿ, ಅಂದರೆ ನಮ್ಮ ಚೀಟಿ, 2025ರ ಜನವರಿಯಲ್ಲಿ ಎದ್ದಿತು. ಆ ಹಣವನ್ನು ಅವಳೇ ಕೊಟ್ಟಳು. ಹಣ ಹಿಡಿದು ಶಾಖೆಗೆ ಹೋದರೆ ಅಲ್ಲಿಯವರು, ನಿಮ್ಮ ಖಾತೆಯಲ್ಲಿ ಬಾಕಿ ಸೊನ್ನೆ ಇದೆ, ಏನೆಂದು ತುಂಬಿಸಿಕೊಳ್ಳುವುದು ಅಂದರು! ಕೊಡುತ್ತೇನೆ ಅಂದರೂ ತಗೊಳ್ಳದ ಬ್ಯಾಂಕು. ದೂರು ವಿಭಾಗಕ್ಕೆ ಆರು ಮೇಲ್ ಹೋದವು. ಪ್ರತಿಯೊಂದರಲ್ಲೂ ಅಕ್ಕ ಹೇಳಿಕೊಟ್ಟ ಒಂದೇ ವಾಕ್ಯ: ಬಿಟ್ಟ ಮೊತ್ತ ಪೂರ್ತಿ ಕಟ್ಟುತ್ತೇನೆ, ಬಾಕಿ ಇಲ್ಲವೆಂಬ ಪತ್ರ ಕೊಟ್ಟು ನಾಲ್ಕೂ ಸಂಸ್ಥೆಗಳಿಗೆ ಕ್ಲೋಸ್ಡ್ ಎಂದು ತಿಳಿಸಬೇಕು. ಆ ಮಾತನ್ನು ಅವರು ಬರಹದಲ್ಲಿ ಒಪ್ಪುವವರೆಗೆ ಒಂದು ರೂಪಾಯಿ ಕಟ್ಟಬೇಡ ಎಂದು ಅವಳ ತಾಕೀತು. ಮೂರು ತಿಂಗಳು ಹಿಡಿಯಿತು.

ಆ್ಯಪ್ ಸಾಲ 2021ರಲ್ಲೇ ಮುಗಿದಿದ್ದರೂ ವರದಿಯಲ್ಲಿ ಬಾಕಿ ಎಂದೇ ಇತ್ತು. ಇದು ನಿಜವಾದ ತಪ್ಪು. ಅಕ್ಕ ಕಟ್ಟಿದ ದಿನದ ರಸೀದಿ ಹಚ್ಚಿ ದೂರು ಕೊಟ್ಟರು. ಇಂಥ ದೂರು 30 ದಿನದೊಳಗೆ ಬಗೆಹರಿಯದಿದ್ದರೆ ಆಮೇಲಿನ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. 27ನೆಯ ದಿನ ಸರಿಯಾಯಿತು, ನೂರು ರೂಪಾಯಿ ಸಿಗಲಿಲ್ಲ.

ಈ ನಡುವೆ 25,000ದ ಠೇವಣಿ ಇಟ್ಟು ಅದರ ಮೇಲೆ ಒಂದು ಕಾರ್ಡು ತೆಗೆದ. ಮತ್ತೆ ಕಾರ್ಡೇ ಎಂದು ಹೆಂಡತಿ ಕೇಳಿದಳು. ಸಾಲವೇ ಇಲ್ಲದವನ ಬಗ್ಗೆ ಆ ವರದಿಗೆ ಹೇಳಲು ಏನೂ ಇರುವುದಿಲ್ಲ, ಹೊಸ ತಿಂಗಳುಗಳು ಅದರಲ್ಲಿ ಬರೆಸಿಕೊಳ್ಳಬೇಕಾದರೆ ಸಣ್ಣದೊಂದು ಸಾಲ ಬೇಕು. ಕರೆಂಟ್ ಬಿಲ್ಲು, ಮೊಬೈಲ್ ಬಿಲ್ಲು ಬಿಟ್ಟು ಬೇರೇನಕ್ಕೂ ಆ ಕಾರ್ಡನ್ನು ತೆಗೆಯುವುದಿಲ್ಲ. ಬಿಲ್ಲು ಬಂದ ದಿನವೇ ಪೂರ್ತಿ ಕಟ್ಟುತ್ತಾನೆ. ವರದಿಯಲ್ಲಿ ತಿಂಗಳಿಗೊಂದು ಮನೆ, ಮನೆಯೊಳಗೆ ಎಷ್ಟು ದಿನ ತಡ ಎಂಬ ಮೂರು ಅಂಕಿ. ಹೊಸ ಕಾರ್ಡಿನ ಸಾಲಿನಲ್ಲಿ 000, 000, 000 ಎಂದು ಬರುತ್ತಿದೆ.

ಹಳೆಯ ಕಾರ್ಡಿನ ಮುಂದೆ ಈಗ ಕ್ಲೋಸ್ಡ್ ಎಂದಿದೆ. ಅದರ 2021ರ ಮನೆಗಳಲ್ಲಿ 030, 060, 090 ಹಾಗೇ ಇವೆ, ಅವನ್ನು ಯಾರೂ ತೆಗೆಯಲಾರರು. ಅಂಕ 731ಕ್ಕೆ ಬಂದಿದೆ. ಇನ್ನೂ ಆರು ತಿಂಗಳು ತಡಿ ಎನ್ನುತ್ತಾಳೆ ಅಕ್ಕ. ಬಾಡಿಗೆ ಮನೆಯ ಕರಾರು ಅಷ್ಟರೊಳಗೆ ಮುಗಿಯುತ್ತದೆ ಎನ್ನುತ್ತಾಳೆ ಹೆಂಡತಿ. ಅವಳ ಅಂಕ 790. ಮುಂದಿನ ಅರ್ಜಿಯಲ್ಲಿ ಮೊದಲು ಅವಳ ಹೆಸರು ಹಾಕುವುದೆಂದು ಸದ್ಯಕ್ಕೆ ಮಾತಾಗಿದೆ.