ಕಾವೇರಿ, ಕಪಿಲೆಯ ಸೀಮೆಯಲ್ಲಿ ಸಣ್ಣ ಗಾಳ

ಹುಣಸೂರು ತಾಲ್ಲೂಕಿನ ಹನಗೋಡಿನ ಬಳಿ ಲಕ್ಷ್ಮಣತೀರ್ಥ ನದಿಗೆ ಕಟ್ಟಿದ ಅಣೆಕಟ್ಟೆಯಿದೆ. ಇಂಥ ನೀರಿನ ದಡದಲ್ಲಿ ಭಾನುವಾರದ ಬೆಳಿಗ್ಗೆ ಕುಕ್ಕರುಗಾಲಲ್ಲಿ ಕುಳಿತವರ ಕೈ ನೋಡಬೇಕು. ತೆಳ್ಳನೆಯ ಬಿದಿರಿನ ಕೋಲು, ಕೂದಲೆಳೆಯಂಥ ನೈಲಾನ್ ದಾರ, ಒಂದು ಬೆಂಡು, ಭತ್ತದ ಕಾಳಿನಷ್ಟೇ ಗಾಳ. ಪಕ್ಕದ ಚಿಪ್ಪಿನಲ್ಲಿ ಎರೆಹುಳು, ಎಲೆಯಲ್ಲಿ ಒಂದು ತುಂಡು ರಾಗಿಮುದ್ದೆ. ಬಂಡವಾಳ ಇಷ್ಟೇ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ನೀರಿಗೆ ಬಡತನವಿಲ್ಲದ ಸೀಮೆ. ಪಿರಿಯಾಪಟ್ಟಣ, ಕೆ.ಆರ್. ನಗರಕ್ಕೆ ಕಾವೇರಿ, ಹುಣಸೂರಿಗೆ ಲಕ್ಷ್ಮಣತೀರ್ಥ, ಕೋಟೆಗೆ ಕಪಿಲೆ ಮತ್ತು ಅದರ ಉಪನದಿ ತಾರಕಾ. ಜೊತೆಗೆ ಊರೂರ ಕೆರೆಗಳು.

ಕಪಿಲೆಗೆ ಹೊರದೇಶದ ಗಾಳಗಾರರಲ್ಲಿ ಹೆಸರು ತಂದದ್ದು ಮಾತ್ರ ದೊಡ್ಡ ಮೀನು. 1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಈ ನದಿಯಲ್ಲಿ ಹಿಡಿದ ಬಿಳಿಮೀನು, ಅಂದರೆ ಮಶೀರ್, 120 ಪೌಂಡು, ಸುಮಾರು 54 ಕಿಲೋ ತೂಗಿತ್ತು. ಕಾವೇರಿ ಕೊಳ್ಳದ ಆ ಡುಬ್ಬದ ಮಶೀರ್ 2018ರಲ್ಲಿ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿ ಸೇರಿತು. ಇನ್ನು ಅದರ ತಂಟೆಗೆ ಹೋಗುವಂತಿಲ್ಲ.

ಸಣ್ಣ ಗಾಳದ ಲೆಕ್ಕವೇ ಬೇರೆ. ಅಲ್ಲಿ ಕೇಳುವುದು ತೂಕವನ್ನಲ್ಲ, ಎಷ್ಟು ಬಗೆ ಎಂಬುದನ್ನು. ಪಕ್ಕೆ ಮೀನು ಬೆಂಡನ್ನು ಟಕಟಕನೆ ಕುಟ್ಟುತ್ತದೆ. ಗೆಂಡೆ ಅವಸರವಿಲ್ಲದೆ ಮುದ್ದೆಯನ್ನು ಹೀರುತ್ತದೆ. ಹಾವುಮೀನು ತಳದ ಎರೆಹುಳು ನುಂಗಿ ದಾರಕ್ಕೇ ಸುತ್ತಿಕೊಳ್ಳುತ್ತದೆ. ಜೊಂಡಿನ ಮರೆಯ ಕೊರವ ಒಂದೇ ನೆಗೆತಕ್ಕೆ ಕೋಲು ಬಾಗಿಸುತ್ತದೆ. ಚೇಳುಮೀನು ಸಿಕ್ಕರೆ ಮಾತ್ರ ಬರಿಗೈ ಹಾಕಬಾರದು. ಅದರ ಮುಳ್ಳು ಚುಚ್ಚಿದರೆ ಚೇಳು ಕುಟುಕಿದಂತೆಯೇ. ದಪ್ಪ ಕೋಲಿನಲ್ಲಿ ಅಂಗೈಯಗಲದ ಮೀನು ಸಿಕ್ಕಿದ್ದೂ ತಿಳಿಯದು. ತೆಳು ಕೋಲಿನಲ್ಲಿ ಅದೇ ಮೀನು ಎದೆ ಝಲ್ಲೆನ್ನಿಸುತ್ತದೆ. ಜಪಾನಿನಲ್ಲಿ ತನಾಗೊ ಎಂಬ ಬೆರಳುದ್ದದ ಮೀನಿಗಾಗಿಯೇ ಗಾಳ ಹಾಕುವ ಹಳೆಯ ಸಂಪ್ರದಾಯವಿದೆ.

ಜಾಗ ಬದಲಾದರೆ ಮೀನೂ ಬದಲಾಗುತ್ತದೆ. ಕೆ.ಆರ್. ನಗರದ ಕಡೆಯ ಚುಂಚನಕಟ್ಟೆಯಲ್ಲಿ ಕಾವೇರಿ ಬಂಡೆಗಳ ಮೇಲಿಂದ ಧುಮುಕುತ್ತದೆ. ಅಂಥ ಸೆಳವಿನ ಮೀನೇ ಬೇರೆ, ಪಿರಿಯಾಪಟ್ಟಣದ ಕೆರೆಗಳ ನಿಂತ ನೀರಿನ ಮೀನೇ ಬೇರೆ. ಜಲಪಾತದ ಜಾರುಬಂಡೆಗಳ ಹತ್ತಿರ ಹೋಗದಿರುವುದೇ ಲೇಸು. ಕೋಟೆಯ ಕಬಿನಿ ಹಿನ್ನೀರು ನಾಗರಹೊಳೆ, ಬಂಡೀಪುರ ಕಾಡುಗಳಿಗೆ ತಾಗಿದೆ. ಬೇಸಿಗೆಯಲ್ಲಿ ಅದು ಆನೆಗಳ ದಡ, ಗಾಳದವರದಲ್ಲ. ಉಳಿದ ಕೆರೆ, ಜಲಾಶಯಗಳಲ್ಲೂ ಮೀನಿನ ಹಕ್ಕು ಯಾರದೆಂದು ಕೇಳಿ, ಒಪ್ಪಿಗೆ ಪಡೆದೇ ಕೂರಬೇಕು.

ಬಗೆ ಎಣಿಸುವುದು ಬರೀ ಮೋಜಲ್ಲ. 1952ರಲ್ಲಿ ಭಾರತಕ್ಕೆ ಬಂದ ಆಫ್ರಿಕಾದ ತಿಲಾಪಿಯಾ ನಮ್ಮಲ್ಲಿ ‘ಜಿಲೇಬಿ’ಯಾಗಿ ಮನೆಮಾತಾಗಿದೆ. ಮರಿಗಳನ್ನು ಬಾಯಲ್ಲಿಟ್ಟು ಕಾಯುವ ಈ ಮೀನು ಬಲುಬೇಗ ಹೆಚ್ಚುತ್ತದೆ. ನಾಡಮೀನುಗಳ ತಾವನ್ನೂ ಮೇವನ್ನೂ ಕಸಿಯುತ್ತದೆ. ಬೆಳಗಿನಿಂದ ಎಳೆದದ್ದೆಲ್ಲ ಜಿಲೇಬಿಯೇ ಆದರೆ ಬುಟ್ಟಿಯೇನೋ ತುಂಬೀತು. ಆದರೆ ಆ ಕೆರೆ ಬಡವಾಗಿದೆಯೆಂದೇ ಅರ್ಥ. ಐದು ಬಗೆಯ ಐದು ಪುಟ್ಟ ಮೀನು ಸಿಕ್ಕಿದ ದಿನ ನೀರಿನಲ್ಲಿ ಇನ್ನೂ ಜೀವವಿದೆ.

ಹಾಗಾಗಿ ಹಿಡಿದದ್ದನ್ನೆಲ್ಲ ಒಯ್ಯಬೇಕಿಲ್ಲ. ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿಟ್ಟರೆ, ಕೈ ಒದ್ದೆ ಮಾಡಿ ಮುಟ್ಟಿದರೆ, ಮೀನು ನೋವಿಲ್ಲದಿದ್ದರೂ ಕಡಿಮೆ ನೋವಿನಲ್ಲಿ ಮರಳುತ್ತದೆ. ಮುಂಗಾರಿನ ಹೊಸ ನೀರಿಗೆ ಮೊಟ್ಟೆ ತುಂಬಿದ ಮೀನು ಹೊಳೆಯಿಂದ ಹಳ್ಳಕ್ಕೆ, ಗದ್ದೆಗೆ ಏರುವ ಕಾಲದಲ್ಲಿ ಗಾಳದ ಕೋಲು ಅಟ್ಟ ಸೇರಲಿ. ಮಳೆ ನಿಂತು ನೀರು ತಿಳಿಯಾದ ಮೇಲೆ ಪಕ್ಕೆ ಮತ್ತೆ ಬೆಂಡು ಕುಟ್ಟಲು ಬರಬೇಕಲ್ಲ!