ಅಣ್ಣನ ಪುಣ್ಯಸಂಚಯ

ನಮ್ಮಜ್ಜಿ ಪುಣ್ಯ ಕೂಡಿಟ್ಟಳು. ನಮ್ಮಣ್ಣ ಪಾಯಿಂಟು ಕೂಡಿಡುತ್ತಾನೆ. ಐ.ಟಿ.ಐ. ಮುಗಿಸಿ ಅಹಮದಾಬಾದಿನಲ್ಲಿ ಕೆಲಸಕ್ಕಿರುವ ಅವನು ಯಂತ್ರ ಕೂಡಿಸಲು ಊರೂರಿಗೆ ಹಾರುತ್ತಾನೆ. ಹಾರಿದ್ದಕ್ಕೂ ಪಾಯಿಂಟು, ಹೋಟೆಲಿನಲ್ಲಿ ಮಲಗಿದ್ದಕ್ಕೂ ಪಾಯಿಂಟು! 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಇಂಥದೊಂದು ಯೋಜನೆ ತೆರೆಯಿತು. ಈಗ ಈ ಪದ್ಧತಿ ಲೋಕವೆಲ್ಲ ಹಬ್ಬಿದೆ.

ಅದರಿಂದ ಅವ್ವನನ್ನು ಸಿಂಗಪುರಕ್ಕೆ ಕರೆದೊಯ್ಯಬೇಕೆಂಬುದು ಅಣ್ಣನ ಆಸೆ. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಲೆಕ್ಕವೆಲ್ಲ ನನ್ನ ಪಾಲಿಗೆ ಬಂತು. ಪಾಯಿಂಟಿಗೆ ಸಿಕ್ಕುವ ಆಸನಗಳು ಕೆಲವೇ. ಆದ್ದರಿಂದ ಮೊದಲು ಆಸನ ಹುಡುಕಿ, ಆಮೇಲೆ ದಿನ ಗೊತ್ತುಮಾಡಬೇಕು. ಟಿಕೇಟು ಪುಕ್ಕಟೆಯಾದರೂ ತೆರಿಗೆಯನ್ನು ರೊಕ್ಕದಲ್ಲಿಯೇ ತೆರಬೇಕು. ಅವಧಿ ಮೀರಿದರೆ, ಪುಣ್ಯದಂತೆ ಪಾಯಿಂಟೂ ಕರಗುವುದುಂಟು.

ಇದನ್ನೆಲ್ಲ ಪಂಡಿತನಂತೆ ಅವ್ವನಿಗೆ ವಿವರಿಸಿದೆ. "ಪುಕ್ಕಟ ಅಲ್ಲೋ ತಮ್ಮಾ. ಮೂರು ದೀಪಾವಳಿ ಅವ ಮನಿಗೆ ಬರಲಿಲ್ಲಲ್ಲ, ಅದ ಇದರ ಬೆಲಿ" ಎಂದಳು. ತುಸು ತಡೆದು, "ಈ ಪಾಯಿಂಟಿನಾಗ ಅವ ಹಬ್ಬಕ್ಕ ಊರಿಗೆ ಬರಬಹುದೇನು?" ಎಂದು ಕೇಳಿದಳು.

ಬರಬಹುದಾಗಿತ್ತು. ನನ್ನ ಲೆಕ್ಕದಲ್ಲಿ ಅದೊಂದೇ ಬಿಟ್ಟುಹೋಗಿತ್ತು. ಸಿಂಗಪುರ ಮುಂದಿನ ವರ್ಷಕ್ಕೆ ಉಳಿಯಿತು. ಈ ಹಬ್ಬಕ್ಕೆ ಅಣ್ಣ ಬರುತ್ತಾನೆ.