34 ಸೆಕೆಂಡುಗಳ ಆಚೆಗೆ

ಟೊರಾಂಟೊದ ಮೇಪಲ್ ಲೀಫ್ ಗಾರ್ಡನ್ಸ್ ಈಗ ಅರ್ಧ ದಿನಸಿ ಅಂಗಡಿ, ಅರ್ಧ ವಿಶ್ವವಿದ್ಯಾಲಯದ ಕ್ರೀಡಾಂಗಣ. ಅಂಗಡಿಯ ನೆಲದ ಮೇಲೆ, ಸರಕಿನ ಸಾಲುಗಳ ನಡುವೆ ಒಂದು ಕೆಂಪು ಚುಕ್ಕಿಯಿದೆ. ಐಸ್ ಹಾಕಿ ಅಂಗಳದ ನಟ್ಟನಡು ಇದ್ದದ್ದು ಅಲ್ಲೇ. ಜನ ತಳ್ಳುಗಾಡಿ ದೂಡುತ್ತ ಅದರ ಮೇಲೆಯೇ ಹಾದುಹೋಗುತ್ತಾರೆ. 1972ರಲ್ಲಿ ಕೆನಡಾದ ವೃತ್ತಿಪರ ತಾರೆಯರೂ ಸೋವಿಯತ್ ತಂಡವೂ ಎಂಟು ಪಂದ್ಯ ಆಡಿದ ಸರಣಿಯ ಜಾಡು ಹಿಡಿದು ಹೊರಟ ನನಗೆ ಸಿಗುವ ಗುರುತುಗಳಲ್ಲಿ ಇದೂ ಒಂದು. ಮಾಂಟ್ರಿಯಲ್‌ನ ಫೋರಮ್ ಸಿನಿಮಾ ಸಂಕೀರ್ಣವಾಗಿದೆ, ವಿನ್ನಿಪೆಗ್‌ನ ಅರೀನಾವನ್ನು 2006ರಲ್ಲಿ ಕೆಡವಿದರು. ಕಟ್ಟಡಗಳು ಹೋಗಲಿ, ನೆನಪಾದರೂ ಇಡಿಯಾಗಿ ಉಳಿಯಬೇಕಿತ್ತು. ಉಳಿದಿರುವುದು ಒಂದೇ ಗೋಲು: ಸೆಪ್ಟೆಂಬರ್ 28ರಂದು ಮಾಸ್ಕೋದಲ್ಲಿ, ಕೊನೆಯ ಪಂದ್ಯ ಮುಗಿಯಲು 34 ಸೆಕೆಂಡ್ ಬಾಕಿಯಿದ್ದಾಗ ಕೆನಡಾದ ಪಾಲ್ ಹೆಂಡರ್ಸನ್ ಹೊಡೆದದ್ದು. ಅಂದು ಆತ ತೊಟ್ಟ ಜೆರ್ಸಿ 2010ರ ಹರಾಜಿನಲ್ಲಿ ಹತ್ತು ಲಕ್ಷ ಡಾಲರಿಗೂ ಮಿಕ್ಕಿ ಹೋಯಿತು. ಆ ಒಂದು ಕ್ಷಣವನ್ನು ಇಷ್ಟು ಮೆರೆಸಿದ್ದರಿಂದಲೇ ಸರಣಿಯ ಕತೆ ಕುಗ್ಗಿಹೋಗಿದೆ ಎಂಬುದು ನನ್ನ ತಕರಾರು.

ಸರಣಿಯ ಜೀವಾಳ ಇರುವುದು ಮೊದಲ ಪಂದ್ಯದಲ್ಲಿ. ಸೆಪ್ಟೆಂಬರ್ 2ರಂದು ಮಾಂಟ್ರಿಯಲ್‌ನಲ್ಲಿ ಏಳು ನಿಮಿಷದೊಳಗೆ ಎರಡು ಗೋಲು ಹೊಡೆದ ಕೆನಡಾ ಕೊನೆಗೆ 3–7ರಿಂದ ಸೋತಿತು. ಕೆನಡಾದವರು ಪಕ್ (ಆಟದ ಬಿಲ್ಲೆ) ಸಿಕ್ಕಿದ್ದೇ ಗೋಲಿನತ್ತ ಬೀಸುತ್ತಿದ್ದರು. ಸೋವಿಯತ್ತರು ದಾರಿ ಮುಚ್ಚಿದ್ದರೆ ಹಿಂದಕ್ಕೆ ತಿರುಗಿ, ಜೊತೆಗಾರನಿಗೆ ಕೊಟ್ಟು, ಒಳ್ಳೆಯ ಅವಕಾಶ ಒದಗುವತನಕ ಕಾಯುತ್ತಿದ್ದರು. ಗೆದ್ದವರ ಈ ತಾಳ್ಮೆಯನ್ನು ನೋಡುವ ಬದಲು ಜನ ತಮ್ಮವರ ಮೇಲೆ ಸಿಟ್ಟಾದರು. ನಾಲ್ಕನೆಯ ಪಂದ್ಯದಲ್ಲಿ, ವ್ಯಾಂಕೂವರ್‌ನ ಪೆಸಿಫಿಕ್ ಕೊಲಿಸಿಯಂನಲ್ಲಿ, 3–5ರಿಂದ ಸೋತ ಸ್ವಂತ ತಂಡವನ್ನೇ ಹೀಯಾಳಿಸಿ ಕಳಿಸಿದರು; ಕೆನಡಾದ ಆಟಗಾರ ಫಿಲ್ ಎಸ್ಪೊಸಿಟೊ ಟಿವಿಯ ಮುಂದೆ ನಿಂತು ಆ ನೋವನ್ನು ಹೇಳಿಕೊಳ್ಳಬೇಕಾಯಿತು. ಟಿಕೆಟ್ ಕೊಂಡವರಿಗೆ ಗೆಲುವೂ ಸಿಗಲೇಬೇಕೆಂಬ ಹಟ ಆಟವನ್ನೇ ಅವಮಾನಿಸುತ್ತದೆ.

ಗೆಲುವಿನ ಲೆಕ್ಕವೇ ಲೆಕ್ಕ, ಕೆನಡಾ ನಾಲ್ಕು ಗೆದ್ದು ಮೂರು ಸೋತಿತಲ್ಲ, ಎನ್ನಬಹುದು. ಒಪ್ಪುತ್ತೇನೆ. ಆದರೆ ಒಟ್ಟು ಗೋಲುಗಳಲ್ಲಿ ಸೋವಿಯತ್ತರೇ 32–31ರಿಂದ ಮುಂದಿದ್ದರು. ಆರನೆಯ ಪಂದ್ಯದಲ್ಲಿ ಕೆನಡಾದ ಬಾಬಿ ಕ್ಲಾರ್ಕ್ ಸ್ಟಿಕ್ ಬೀಸಿ ಸೋವಿಯತ್ ಆಟಗಾರ ವಲೇರಿ ಖಾರ್ಲಮೋವ್‌ನ ಪಾದದ ಕೀಲಿಗೆ ಹೊಡೆದ. ಖಾರ್ಲಮೋವ್ ಏಳನೆಯ ಪಂದ್ಯಕ್ಕೆ ಇಳಿಯಲಿಲ್ಲ, ಎಂಟನೆಯದನ್ನು ನೋವಿನಲ್ಲೇ ಆಡಿದ. ಕೆನಡಾದ ಪರವಾಗಿಯೂ ಒಂದು ವಾದವಿದೆ: ಬಾಬಿ ಆರ್ ಗಾಯಗೊಂಡಿದ್ದ, ಬಾಬಿ ಹಲ್ ತಂಡದಲ್ಲಿರಲಿಲ್ಲ. ಆರ್‌ನ ವಿಷಯ ದುರದೃಷ್ಟವೇ ಸರಿ. ಹಲ್‌ನನ್ನಾದರೋ ಪ್ರತಿಸ್ಪರ್ಧಿ ಲೀಗ್‌ಗೆ ಸೇರಿದನೆಂದು ಕೆನಡಾದವರೇ ಹೊರಗಿಟ್ಟರು. ಕಾಗದದ ಮೇಲಷ್ಟೇ ಹವ್ಯಾಸಿಗಳಾಗಿದ್ದ ಸೋವಿಯತ್ ಆಟಗಾರರು ವರ್ಷವಿಡೀ ಒಟ್ಟಿಗೆ ಅಭ್ಯಾಸ ಮಾಡುತ್ತಿದ್ದರೆಂಬ ಮಾತಿಗೆ ಹೆಚ್ಚು ತೂಕವಿದೆ. ಹಾಗೆಂದೇ ಮಾಸ್ಕೋದಲ್ಲಿ ಮೊದಲ ಪಂದ್ಯ ಸೋತ ಮೇಲೆ ಮೂರನ್ನು ಸತತವಾಗಿ ಗೆದ್ದ ಕೆನಡಾದ ಸಾಹಸ ದೊಡ್ಡದು. ಎದುರಾಳಿಯನ್ನು ಕಿರಿದು ಮಾಡಿ ತೋರಿಸಿದರೆ ಆ ಸಾಹಸವೂ ಕಿರಿದಾಗುತ್ತದೆ. ಎದುರಾಳಿಯ ಹಿರಿಮೆಯನ್ನು ಒಪ್ಪಿದವರೂ ಇದ್ದಾರೆ: ಟೊರಾಂಟೊದಲ್ಲೇ ಇರುವ ಹಾಕಿ ಹಾಲ್ ಆಫ್ ಫೇಮ್ ಸೋವಿಯತ್ ಗೋಲಿ ವ್ಲಾದಿಸ್ಲಾವ್ ತ್ರೆತ್ಯಾಕ್‌ನನ್ನು 1989ರಲ್ಲೂ, ಖಾರ್ಲಮೋವ್‌ನನ್ನು ಅವನು ಸತ್ತು 24 ವರ್ಷಗಳಾದ ಮೇಲೆ 2005ರಲ್ಲೂ ಸೇರಿಸಿಕೊಂಡಿತು. ಇಬ್ಬರೂ ಕೆನಡಾದ ಲೀಗ್‌ಗಳಲ್ಲಿ ಎಂದೂ ಆಡಿದವರಲ್ಲ.